ಕರೆಯೋಕೆ ಪತ್ರಿಕೆ ಇದೆ, ನೆನೆಯೋಕೆ ಏನಿದೆ? ಮದುವೆಯ 'ಥ್ಯಾಂಕ್ ಯೂ ಕಾರ್ಡ್' ಹಿಂದಿನ ಕಥೆ

ಮದುವೆ ಸೀಸನ್ ಶುರುವಾಯಿತೆಂದರೆ ತಾಲೂಕು ಕೇಂದ್ರದ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಈಗ 'ಸೆಟ್' ಎಂಬ ಮಾತು ಕೇಳಿಸುತ್ತದೆ. ಲಗ್ನಪತ್ರಿಕೆ, ಅದರ ಕವರು, ತಾಂಬೂಲದ ಚೀಲ, ಛತ್ರದ ಬಾಗಿಲ ಬೋರ್ಡು, ವಾಟ್ಸ್ಆಪ್‌ಗೆ ಬಿಡುವ ವಿಡಿಯೊ, ಇಷ್ಟೂ ಸೇರಿ ಒಂದು ಸೆಟ್. ಎಲ್ಲದರಲ್ಲೂ ಒಂದೇ ಬಣ್ಣ, ಒಂದೇ ಹೂಬಳ್ಳಿ, ಒಂದೇ ಥರದ ಅಕ್ಷರ. ಆ ಸೆಟ್ಟಿನ ಕೊನೆಗೆ ಇತ್ತೀಚೆಗೆ ಇನ್ನೊಂದು ಚಿಕ್ಕ ಕಾರ್ಡು ಸೇರಿಕೊಂಡಿದೆ. ಅದೇ ಥ್ಯಾಂಕ್ ಯೂ ಕಾರ್ಡ್. ಮದುವೆ ಮುಗಿದ ಮೇಲೆ ಬಂದವರಿಗೆ, ಉಡುಗೊರೆ ಕೊಟ್ಟವರಿಗೆ ಕಳಿಸುವ ಕಾರ್ಡು.

ಪತ್ರಿಕೆ ನಮಗೆ ಹಳೆಯದು, ಈ ಕಾರ್ಡು ಹೊಸದು. ಹಾಗಂತ ನಮ್ಮ ಹಿರಿಯರಿಗೆ ಉಪಕಾರ ಸ್ಮರಣೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅವರು ಕರೆಯುವುದನ್ನು ಕಾಗದಕ್ಕೆ ಇಳಿಸಿದರು. ನೆನೆಯುವುದನ್ನು ಮಾತ್ರ ಬೇರೆಯದೇ ರೀತಿಯಲ್ಲಿ ಇಟ್ಟುಕೊಂಡರು. ಆ ರೀತಿ ಯಾವುದು, ಅದರಲ್ಲಿ ಯಾರು ಸೇರಿದರು, ಯಾರು ಹೊರಗೆ ಉಳಿದರು ಎಂದು ನೋಡಿದರೆ, ಈ ಚಿಕ್ಕ ಕಾರ್ಡಿನ ಮೇಲೆ ಏನು ಬರೆಯಬೇಕು ಎಂಬುದೂ ಹೊಳೆಯುತ್ತದೆ.

ಓಲೆಯಿಂದ ಶುರು

ಆಮಂತ್ರಣಕ್ಕೆ ಕನ್ನಡದಲ್ಲಿ 'ಕರೆಯೋಲೆ' ಎಂಬ ಚಂದದ ಮಾತಿದೆ. ಅದರೊಳಗೆ ತಾಳೆಗರಿಯ ಓಲೆ ಇನ್ನೂ ಕೂತಿದೆ. ಕಾಗದ ಬಂದು ಕಾಲವಾಯಿತು, ಹೆಸರು ಮಾತ್ರ ಹೋಗಲಿಲ್ಲ.

'ಲಗ್ನಪತ್ರಿಕೆ' ಎಂಬುದು ಮೊದಲಿಗೆ ಊರಿಗೆಲ್ಲ ಹಂಚುವ ಕಾರ್ಡಾಗಿರಲಿಲ್ಲ. ನಿಶ್ಚಿತಾರ್ಥದ ದಿನ ಪುರೋಹಿತರು ಲಗ್ನ, ಮುಹೂರ್ತ, ಗಂಡು ಹೆಣ್ಣಿನ ಹೆಸರು ಬರೆದು, ಅರಿಶಿನ ಕುಂಕುಮ ಹಚ್ಚಿ, ಎಲ್ಲರ ಮುಂದೆ ಓದಿ ಎರಡೂ ಕಡೆಯವರಿಗೆ ಕೊಡುವ ಪತ್ರ ಅದು. ಎರಡು ಮನೆಗಳ ನಡುವಿನ ಒಪ್ಪಂದ. ಈಗಲೂ ಅನೇಕ ಮನೆಗಳಲ್ಲಿ ಈ ಶಾಸ್ತ್ರ ನಡೆಯುತ್ತದೆ. ಅಚ್ಚಾದ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು ಆ ಹಳೆಯ ಪತ್ರದ ನೆನಪೇ.

ಊರನ್ನು ಕರೆಯುತ್ತಿದ್ದದ್ದು ಬಾಯಿಮಾತಿನಲ್ಲಿ. ಎಲೆ ಅಡಿಕೆ ಹಿಡಿದು, ಕೆಲವು ಕಡೆ ಅಕ್ಷತೆ ಹಿಡಿದು, ಮನೆ ಮನೆಗೆ ಹೋಗಿ 'ಮನೆಮಂದಿಯೆಲ್ಲ ಬರಬೇಕು' ಅನ್ನಬೇಕು. ಹೊಸಿಲು ದಾಟಿ ಬಂದು ಕರೆದರೆ ಮಾತ್ರ ಕರೆದ ಹಾಗೆ. ಇವತ್ತಿಗೂ ಫೋನಿಗೆ ಪತ್ರಿಕೆ ಕಳಿಸಿ ಸುಮ್ಮನಾದರೆ 'ಕರೆಯೋಕೆ ಬರಲಿಲ್ಲವಲ್ಲ' ಎಂದು ದೊಡ್ಡವರು ಮುನಿಸಿಕೊಳ್ಳುವುದು ಇದಕ್ಕೇ.

ಕಲ್ಲಚ್ಚು, ಮೊಳೆ, ಕಾಲಿನಿಂದ ತುಳಿಯುವ ಮೆಷಿನ್ನು

ಕನ್ನಡಕ್ಕೆ ಅಚ್ಚು ಬಂದದ್ದು ದೂರದ ಬಂಗಾಳದಿಂದ. 1817ರಲ್ಲಿ ಅಲ್ಲಿನ ಶ್ರೀರಾಂಪುರದಲ್ಲಿ ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ ಅಚ್ಚಾಯಿತು. 1841ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರು ಮಾಡಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಬಂದದ್ದು ಇಂಥ ಕಲ್ಲಚ್ಚಿನಲ್ಲೇ. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದು ಅದರಿಂದ ಕಾಗದಕ್ಕೆ ಅಚ್ಚು ಎತ್ತುವ ವಿಧಾನ ಅದು.

ಆಮೇಲೆ ಸೀಸದ ಅಚ್ಚುಮೊಳೆಗಳು ಬಂದವು. ಕನ್ನಡದ ಮೊಳೆ ಜೋಡಿಸುವುದು ಇಂಗ್ಲಿಷಿನಷ್ಟು ಸುಲಭವಲ್ಲ. ಕಾಗುಣಿತ ಬೇರೆ, ಕೆಳಗೆ ಕೂರಿಸುವ ಒತ್ತಕ್ಷರ ಬೇರೆ. 'ಲಕ್ಷ್ಮಿ' ಎಂಬ ಒಂದು ಹೆಸರಿಗೇ ಕಂಪೋಸಿಟರ್ ಎಷ್ಟೋ ಮನೆಗಳಿಗೆ ಕೈ ಹಾಕಬೇಕು. ಇಪ್ಪತ್ತನೇ ಶತಮಾನದಲ್ಲಿ ಕಾಲಿನಿಂದ ತುಳಿದು ಓಡಿಸುವ ಟ್ರೆಡಲ್ ಮೆಷಿನ್ನು ಸಣ್ಣ ಪೇಟೆಗಳಿಗೂ ಬಂತು. ಕರಪತ್ರ, ರಸೀದಿ ಪುಸ್ತಕ, ಜಾತ್ರೆಯ ಪೋಸ್ಟರ್ ಜೊತೆಗೆ ಮದುವೆ ಪತ್ರಿಕೆಯೂ ಅಲ್ಲಿ ಅಚ್ಚಾಗತೊಡಗಿತು.

ಆ ಕಾಲದ ಪತ್ರಿಕೆಗಳೆಲ್ಲ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಪ್ರೆಸ್ಸಿನಲ್ಲಿ ಇರುತ್ತಿದ್ದದ್ದು ಒಂದು ಗಣಪತಿ ಬ್ಲಾಕು, ಒಂದು ಕಲಶದ ಬ್ಲಾಕು, ಒಂದೆರಡು ಅಂಚಿನ ಬಳ್ಳಿ. ಊರವರ ಮದುವೆಗೆಲ್ಲ ಅವೇ. ಮೇಲೆ ಮನೆದೇವರ ಹೆಸರು ಮತ್ತು 'ಪ್ರಸನ್ನ', ಆಮೇಲೆ 'ಮಾನ್ಯರೇ', ಚಿ|| ರಾ||, ಚಿ|| ಸೌ||, ಕೊನೆಗೆ 'ತಮ್ಮ ಆಗಮನಾಭಿಲಾಷಿಗಳು'.

ಇಲ್ಲಿ ಒಂದು ಸಣ್ಣ ಸಂಗತಿ ಗಮನಿಸಿ. ಪತ್ರಿಕೆ ಅಚ್ಚಾದ ಕೂಡಲೇ ಮೊಳೆಗಳನ್ನು ಬಿಚ್ಚಿ ಮತ್ತೆ ಅವುಗಳ ಮನೆಗೆ ಹಾಕಬೇಕಿತ್ತು. ಇಲ್ಲದಿದ್ದರೆ ಮುಂದಿನ ಕೆಲಸಕ್ಕೆ ಅಕ್ಷರವೇ ಇರುತ್ತಿರಲಿಲ್ಲ. ಮದುವೆ ಮುಗಿದ ಮೇಲೆ ಅದೇ ಅಕ್ಷರದಲ್ಲಿ, ಅದೇ ಅಂಚಿನಲ್ಲಿ ಇನ್ನೊಂದು ಕಾರ್ಡು ಬೇಕೆಂದರೆ ಮೊದಲಿನಿಂದ ಜೋಡಿಸಬೇಕು. ಅಂದರೆ ಮತ್ತೊಮ್ಮೆ ಖರ್ಚು. ಹೊಂದಿಕೆಯಾಗುವ ಎರಡನೇ ಕಾರ್ಡು ನಮ್ಮಲ್ಲಿ ಹುಟ್ಟದೇ ಇರುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಮುಂದೆ ಬಣ್ಣ ಬಂತು. ತಮಿಳುನಾಡಿನ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ 1922ರಲ್ಲಿ ಕಲ್ಕತ್ತಕ್ಕೆ ಹೋಗಿ ಬೆಂಕಿಕಡ್ಡಿ ತಯಾರಿಸುವುದನ್ನು ಕಲಿತು ಬಂದರು. ಬೆಂಕಿಪೊಟ್ಟಣಕ್ಕೆ ಲೇಬಲ್ ಬೇಕು, ಪಟಾಕಿಗೂ ಲೇಬಲ್ ಬೇಕು. ಆ ಲೇಬಲ್ಲಿನಿಂದ ಬೆಳೆದದ್ದು ಶಿವಕಾಶಿಯ ಮುದ್ರಣ ಉದ್ಯಮ. ಕ್ಯಾಲೆಂಡರು ಬಂತು, ದೇವರ ಪಟದ ಮದುವೆ ಕಾರ್ಡು ಬಂತು. ಬಣ್ಣದ ಚಿತ್ರ ಅಲ್ಲಿ, ಒಳಗಿನ ಕನ್ನಡದ ಒಕ್ಕಣೆ ನಮ್ಮೂರ ಪ್ರೆಸ್ಸಿನಲ್ಲಿ. ಹೀಗೆ ಕರೆಯುವ ಕಾಗದ ವರ್ಷದಿಂದ ವರ್ಷಕ್ಕೆ ಚಂದವಾಗುತ್ತ ಹೋಯಿತು. ಕೃತಜ್ಞತೆಯ ಕಾಗದ ಮಾತ್ರ ಬರಲಿಲ್ಲ.

ನಮ್ಮ ಕೃತಜ್ಞತೆ ಇದ್ದದ್ದು ಮುಯ್ಯಿ ಪುಸ್ತಕದಲ್ಲಿ

ಹಳ್ಳಿಯಲ್ಲಿ ಬಾಯಿಬಿಟ್ಟು 'ಧನ್ಯವಾದ' ಅನ್ನುವವರು ಕಡಿಮೆ. ತೀರಾ ಹತ್ತಿರದವರಿಗೆ ಹಾಗೆ ಹೇಳಿದರೆ 'ನಮ್ಮನ್ನ ಹೊರಗಿನವರು ಮಾಡಿಬಿಟ್ಟೆಯಲ್ಲ' ಎಂಬ ಮಾತು ಬರುತ್ತದೆ. ಅದರ ಜಾಗದಲ್ಲಿ ನಮ್ಮಲ್ಲಿ ಇದ್ದದ್ದು ಮುಯ್ಯಿ.

ಮುಯ್ಯಿ ಅಂದರೆ ಬರೀ ಉಡುಗೊರೆಯಲ್ಲ, ಹಿಂತಿರುಗಿ ಹೋಗಬೇಕಾದ ಉಡುಗೊರೆ. ನನ್ನ ಹೊಲದ ನಾಟಿಗೆ ನೀವು ಬನ್ನಿ, ನಿಮ್ಮ ಹೊಲಕ್ಕೆ ನಾನು ಬರುತ್ತೇನೆ ಎಂಬ ಕೆಲಸಕ್ಕೆ 'ಮುಯ್ಯಾಳು' ಎನ್ನುತ್ತೇವಲ್ಲ, ಅದೇ ಮಾತು ಇದು. ಸೇಡು ತೀರಿಸಿಕೊಳ್ಳುವುದಕ್ಕೂ 'ಮುಯ್ಯಿ ತೀರಿಸು' ಅನ್ನುತ್ತೇವೆ. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಕೊಟ್ಟದ್ದು ತಿರುಗಿ ಬರಲೇಬೇಕು ಎಂಬ ಲೆಕ್ಕ ಆ ಪದದೊಳಗೇ ಇದೆ. ಉತ್ತರ ಕರ್ನಾಟಕದಲ್ಲಿ ಬಟ್ಟೆಬರೆ ಕೊಡುವ ಇಂಥದ್ದೇ ಪದ್ಧತಿಗೆ ಆಯೇರಿ ಎಂಬ ಹೆಸರಿದೆ. 'ಉಡುಗೊರೆ' ಎಂಬ ಮಾತಿನಲ್ಲೂ ಉಡುವ ಬಟ್ಟೆಯ ಸುಳಿವಿದೆ.

ಧಾರೆ ಮುಗಿದ ಮೇಲೆ ಮಂಟಪದ ಪಕ್ಕ ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರೆ. ಲೆಕ್ಕ ಬಲ್ಲವರು, ಅಕ್ಷರ ಚೆನ್ನಾಗಿರುವವರು. ಮೊದಲ ಪುಟಕ್ಕೆ ಅರಿಶಿನ ಹಚ್ಚಿ, ಶ್ರೀ ಬರೆದು, ಇಂಥ ಊರಿನ ಇಂಥವರು, ಇಷ್ಟು ರೂಪಾಯಿ ಎಂದು ದಾಖಲು ಮಾಡುತ್ತಾರೆ. 51, 101, 501. ಕೊನೆಯ ಆ ಒಂದು ರೂಪಾಯಿ ಬಿಡುವಂತಿಲ್ಲ. ಕೆಲವು ಕಡೆ ಅದನ್ನು ಗಟ್ಟಿಯಾಗಿ 'ಓದಿಸುತ್ತಿದ್ದರು' ಕೂಡ. ಇಡೀ ಚಪ್ಪರಕ್ಕೆ ಕೇಳುವಂತೆ ಕೊಟ್ಟವರ ಹೆಸರು ಕೂಗುವುದೇ ಅವರಿಗೆ ಸಲ್ಲುವ ಮರ್ಯಾದೆ.

ಬರಲಾಗದವರಿಗೆ ಅಂಚೆ ಇತ್ತು. ಭಾರತದಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂದದ್ದು 1879ರಲ್ಲಿ, ಮನಿ ಆರ್ಡರ್ 1880ರಲ್ಲಿ. ದೂರದ ಊರಿನಲ್ಲಿ ಕೆಲಸಕ್ಕಿದ್ದ ಅಣ್ಣನೋ ಮಾವನೋ ಮನಿ ಆರ್ಡರಿನಲ್ಲಿ ಮುಯ್ಯಿ ಕಳಿಸಿದರೆ, ಹಣ ಪಡೆದವರು ಸಹಿ ಹಾಕಿದ ರಸೀದಿ ಚೀಟಿ ಅವರಿಗೆ ವಾಪಸ್ಸು ಹೋಗುತ್ತಿತ್ತು. ಹುಡುಕಿದರೆ ನಮ್ಮ ಅತಿ ಹಳೆಯ 'ಥ್ಯಾಂಕ್ ಯೂ ಕಾರ್ಡ್' ಬಹುಶಃ ಆ ಚೀಟಿಯೇ. ಸಹಿಯೋ ಹೆಬ್ಬೆಟ್ಟೋ, ಮುಟ್ಟಿತು ಎಂಬ ಸುದ್ದಿ ಅದರಲ್ಲಿತ್ತು.

ಮುಯ್ಯಿ ಪುಸ್ತಕವನ್ನು ಮನೆಯ ಟ್ರಂಕಿನಲ್ಲಿ ಪತ್ರಗಳ ಜೊತೆ ಇಡುತ್ತಿದ್ದರು. ಮುಂದೆ ಆ ಮನೆಯವರ ಮದುವೆಯೋ ಗೃಹಪ್ರವೇಶವೋ ಬಂದಾಗ ಪುಸ್ತಕ ತೆಗೆದು ನೋಡಿ, ಅವರು ಹಾಕಿದ್ದಕ್ಕಿಂತ ಸ್ವಲ್ಪ ಮೇಲೆ ಹಾಕುವುದು. ಸರಿಸಮ ಹಾಕಿದರೆ ಲೆಕ್ಕ ಚುಕ್ತಾ. ಮೇಲೆ ಹಾಕಿದರೆ ಸಂಬಂಧ ಮುಂದುವರಿಯಿತು ಎಂದರ್ಥ.

ಇದರಲ್ಲಿ ಒಳ್ಳೆಯದಿತ್ತು. ಬ್ಯಾಂಕು ಸಾಲ ಕೊಡದ ಕಾಲದಲ್ಲಿ ಮದುವೆ ಖರ್ಚಿನ ಒಂದು ಪಾಲನ್ನು ಊರೇ ಹೊರುತ್ತಿತ್ತು. ಹೊರೆಯೂ ಇತ್ತು. ಯಾರೋ 1985ರಲ್ಲಿ 11 ರೂಪಾಯಿ ಹಾಕಿದ್ದರು ಎಂದಿಟ್ಟುಕೊಳ್ಳಿ. ಅವರ ಮೊಮ್ಮಗಳ ಮದುವೆಗೆ ಈಗ ಎಷ್ಟು ಹಾಕಿದರೆ ಅದು ತೀರುತ್ತದೆ? ಯಾವ ಪುಸ್ತಕವೂ ಇದಕ್ಕೆ ಉತ್ತರ ಹೇಳುವುದಿಲ್ಲ. ಮುಯ್ಯಿ ಹಾಕೋಕೆ ಕೈಯಲ್ಲಿ ಕಾಸಿಲ್ಲ ಎಂದು ಮದುವೆಗೇ ಹೋಗದೆ ಉಳಿದವರು ಎಲ್ಲ ಊರಲ್ಲೂ ಇದ್ದಾರೆ. ಪತ್ರಿಕೆಯ ಕೆಳಗೆ 'ಆಶೀರ್ವಾದವೇ ಉಡುಗೊರೆ' ಎಂಬ ಸಾಲು ಬಂದದ್ದು ಅಂಥವರ ಎದೆಯ ಭಾರ ಇಳಿಸಿತು. ಕುವೆಂಪು ಅವರ ಮಂತ್ರಮಾಂಗಲ್ಯವಂತೂ ಮದುವೆಯ ಆಡಂಬರವನ್ನೇ ಕೈಬಿಡಿ ಎಂದಿತು. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಮದುವೆಯಾದದ್ದು ಹಾಗೆಯೇ.

ಆ ಕಡೆ, ಕಾಗದದ ಧನ್ಯವಾದ

ಇನ್ನು ಥ್ಯಾಂಕ್ ಯೂ ಕಾರ್ಡಿನ ತವರಿಗೆ ಹೋಗೋಣ. ಇಂಗ್ಲೆಂಡಿನಲ್ಲಿ ಮೊದಲು ಪತ್ರದ ಖರ್ಚು ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ನೋಡಿ ಏರುತ್ತಿತ್ತು. ಹೆಚ್ಚಾಗಿ ಪತ್ರ ಪಡೆದವರೇ ದುಡ್ಡು ಕೊಡಬೇಕಿತ್ತು. 1840ರ ಜನವರಿ 10ರಂದು ದೇಶದೊಳಗೆ ಎಲ್ಲಿಗಾದರೂ ಒಂದು ಪೆನ್ನಿ ಎಂಬ ದರ ಬಂತು. ಸರಿಯಾಗಿ ಒಂದು ತಿಂಗಳಿಗೆ, ಫೆಬ್ರುವರಿ 10ರಂದು, ವಿಕ್ಟೋರಿಯಾ ರಾಣಿಯ ಮದುವೆ. ಅಗ್ಗದ ಅಂಚೆ, ರಾಣಿಯ ಮದುವೆ ಹುಟ್ಟಿಸಿದ ಶೋಕಿ, ಮಧ್ಯಮ ವರ್ಗದ ಕೈಗೆ ಬಂದ ಹಣ, ಮೂರೂ ಕೂಡಿ ಮದುವೆ ಕಾಗದದ ವ್ಯಾಪಾರ ಬೆಳೆಯಿತು. ಆಮಂತ್ರಣ, ಉತ್ತರ ಬರೆಯುವ ಕಾಗದ, ಕೃತಜ್ಞತೆಯ ಕಾಗದ ಎಲ್ಲವನ್ನೂ ಒಂದೇ ಬಗೆಯ ಹಾಳೆಯಲ್ಲಿ, ಗಂಡು ಹೆಣ್ಣಿನ ಮೊದಲ ಅಕ್ಷರಗಳನ್ನು ಹೆಣೆದ ಒಂದೇ ಗುರುತಿನೊಂದಿಗೆ ಮಾಡಿಸುವ ರೂಢಿ ಬಂತು. ಈಗಿನ 'ಸೆಟ್ಟಿ'ನ ಮೂಲ ಇದು.

ಅಮೆರಿಕದ ಎಮಿಲಿ ಪೋಸ್ಟ್ 1922ರಲ್ಲಿ ಸಭ್ಯತೆಯ ನಡವಳಿಕೆ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. ಮದುವೆ ಉಡುಗೊರೆಗೆ ಮದುಮಗಳು ಸ್ವಂತ ಕೈಬರಹದಲ್ಲೇ ಕೃತಜ್ಞತೆ ಬರೆಯಬೇಕು ಎಂಬುದು ಅವರ ನಿಯಮ. ಇನ್ನೊಂದು ವಿಷಯ ನಮಗೆ ತೀರಾ ಪರಿಚಿತ ಅನಿಸುತ್ತದೆ. ಬಂದ ಉಡುಗೊರೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಕಾಲಂ ಎಳೆದು ಬರೆಯಿರಿ ಎನ್ನುತ್ತಾರೆ ಅವರು. ಏನು ಬಂತು, ಯಾರು ಕಳಿಸಿದರು, ಅವರ ವಿಳಾಸವೇನು, ಹೀಗೆ. ನಮ್ಮ ಮುಯ್ಯಿ ಪುಸ್ತಕವೇ ಅದು! ಒಂದು ವ್ಯತ್ಯಾಸ ಮಾತ್ರ. ಅವರ ಪುಸ್ತಕದಲ್ಲಿ 'ಧನ್ಯವಾದ ಬರೆದಾಯಿತೇ' ಎಂಬ ಕಾಲಂ ಇತ್ತು. ನಮ್ಮದರಲ್ಲಿ ಮೊತ್ತದ ಕಾಲಂ ಇತ್ತು.

ಅವರ ಕಾಗದ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಲೆಕ್ಕ ಮುಂದಿನ ತಲೆಮಾರಿಗೂ ಹೋಗುತ್ತಿತ್ತು. ಅಲ್ಲಿ ನೂರಾರು ಪತ್ರ ಬರೆಯುವ ಕೆಲಸ ಹೆಣ್ಣಿನ ತಲೆಗೇ ಬಿತ್ತು, ಗಂಡು ಬರೆಯಬೇಕೆಂದು ಯಾರೂ ಕೇಳಲಿಲ್ಲ. ನಮ್ಮಲ್ಲಿ ದುಡ್ಡಿನ ಮುಯ್ಯಿ ಬರೆದವರು ಗಂಡಸರು. ಯಾರು ಯಾವ ಬಣ್ಣದ ಸೀರೆ ತಂದರು, ಯಾರು ಕುಪ್ಪಸದ ಕಣ ಇಟ್ಟರು ಎಂಬುದನ್ನು ಹೆಂಗಸರು ಪುಸ್ತಕವಿಲ್ಲದೆ ತಲೆಯಲ್ಲೇ ಇಟ್ಟುಕೊಂಡರು.

ತಾಂಬೂಲದ ಚೀಲ

ಹೊರಡುವಾಗ ಕೈಗೆ ಬರುವ ತೆಂಗಿನಕಾಯಿ, ಎಲೆ ಅಡಿಕೆ ಕೂಡ ನಮ್ಮ ಧನ್ಯವಾದವೇ. ಮೊದಲು ಮಡಿಲಿಗೆ, ಸೆರಗಿಗೆ, ಟವೆಲ್ಲಿಗೆ ಹಾಕುತ್ತಿದ್ದದ್ದು ಮುಂದೆ ಚೀಲಕ್ಕೆ ಬಂತು. ಚೀಲದ ಮೇಲೆ ಗಂಡು ಹೆಣ್ಣಿನ ಹೆಸರು, ತಾರೀಖು, ಕೆಳಗೆ 'ವಂದನೆಗಳು'. ನಮ್ಮಲ್ಲಿ ಅಚ್ಚಾದ ಕೃತಜ್ಞತೆ ಮೊದಲು ಕಾಣಿಸಿಕೊಂಡದ್ದು ಬಟ್ಟೆಯ ಮೇಲೆ ಎನ್ನಬಹುದು. ಮದುವೆಯಾಗಿ ಮಕ್ಕಳಾದರೂ ಆ ಚೀಲ ಸಂತೆಗೆ, ರೇಷನ್ ಅಂಗಡಿಗೆ ಓಡಾಡುತ್ತಿರುತ್ತದೆ. ಇಷ್ಟು ದಿನ ಬಾಳುವ ಕಾರ್ಡು ಬೇರೆ ಯಾವುದಿದೆ?

ನಡುವೆ ಪ್ಲಾಸ್ಟಿಕ್ ಚೀಲ ಬಂತು, ಸೋವಿಯಾಗಿತ್ತು. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲೆ ಬಟ್ಟೆಯ ಚೀಲಕ್ಕೆ ಮತ್ತೆ ಬೆಲೆ ಬಂತು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಕಾರ್ಡಿನ ಮೇಲೆ ಮಿರಮಿರ ಮಿಂಚುವ ಆ ಹೊದಿಕೆ ಈಗ ಹಾಕುವಂತಿಲ್ಲ.

2020ರಲ್ಲಿ ಕೊರೊನಾ ಬಂತು. ಮದುವೆಗೆ 50 ಜನರಿಗಿಂತ ಹೆಚ್ಚು ಸೇರಬಾರದು ಎಂದಾಯಿತು. ಕರೆಯಬೇಕಾದವರನ್ನೂ ಕರೆಯಲಾಗದ ಮನೆಗಳು 'ಮದುವೆಯಾಗಿದೆ, ಇದ್ದಲ್ಲಿಂದಲೇ ಹರಸಿ' ಎಂದು ಫೋನಿಗೆ ಚಿತ್ರ ಕಳಿಸಿದವು. ಮದುವೆ ಆದ ಮೇಲೂ ಒಂದು ಕಾರ್ಡು ಕಳಿಸಬಹುದು ಎಂಬುದು ಎಷ್ಟೋ ಮನೆಗಳಿಗೆ ಆಗ ರೂಢಿಯಾಯಿತು. ಫೋನಿನ ಮಾತು ಬಂದಾಗ ಒಂದು ಎಚ್ಚರಿಕೆಯೂ ಇರಲಿ. ಮದುವೆ ಪತ್ರಿಕೆ ಎಂದು ಹೇಳಿ, ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿರುವ ಫೈಲು ಕಳಿಸಿ ಖಾತೆಯ ದುಡ್ಡು ಎಗರಿಸುವ ಮೋಸದ ಬಗ್ಗೆ 2024ರಲ್ಲಿ ಪೊಲೀಸರು ಎಚ್ಚರಿಸಿದ್ದಾರೆ. ಗೊತ್ತಿಲ್ಲದ ನಂಬರಿನಿಂದ ಬಂದರೆ ಒತ್ತಬೇಡಿ.

ಪತ್ರಿಕೆಯಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ

ಹಳೆಯ ಪತ್ರಿಕೆ ಒಂದನ್ನು ತೆಗೆದು ಯಾರ ಹೆಸರು ಇಲ್ಲ ಎಂದು ಹುಡುಕಿ ನೋಡಿ. 'ಶ್ರೀಮತಿ ಮತ್ತು ಶ್ರೀ' ಎಂದು ಬರೆದು ಅಪ್ಪನ ಹೆಸರೊಂದೇ ಹಾಕಿರುವುದು ಸಾಮಾನ್ಯ. ಹೆತ್ತ ತಾಯಿಗೆ ಹೆಸರೇ ಇಲ್ಲ. ಗಂಡ ತೀರಿಕೊಂಡಿದ್ದರೆ ಅವಳನ್ನು ಪೂರ್ತಿ ಬಿಟ್ಟು ದೊಡ್ಡಪ್ಪನ ಹೆಸರಿನಲ್ಲೋ ಸೋದರಮಾವನ ಹೆಸರಿನಲ್ಲೋ ಪತ್ರಿಕೆ ಅಚ್ಚು ಹಾಕಿಸಿದ್ದೂ ಉಂಟು.

ಮುಯ್ಯಿ ಪುಸ್ತಕದಲ್ಲಿ ಹೆಸರು ಬರಬೇಕಾದರೆ ದುಡ್ಡು ಕೊಟ್ಟಿರಬೇಕು. ಐರಾಣಿ ಮಡಕೆ ತಂದ ಕುಂಬಾರರು, ಮಡಿ ಹಾಸಿದ ಮಡಿವಾಳರು, ಓಲಗ ಊದಿದವರು, ತಾಳಿ ಮಾಡಿದ ಅಕ್ಕಸಾಲಿಗರು, ಇವರಿಗೆ ಸುಗ್ಗಿಯಲ್ಲಿ ಸಲ್ಲುವ ಕಾಳು, ಮದುವೆಯ ದಿನ ಕೊಡುವ ಬಟ್ಟೆಯೇ ಲೆಕ್ಕ. ಅದು ತೀರಿತು ಎಂದು ಹೇಳುತ್ತಿದ್ದವರು ಮನೆಯ ಯಜಮಾನರು, ಕೆಲಸ ಮಾಡಿದವರಲ್ಲ. ಹಗಲು ರಾತ್ರಿ ತಮಟೆ ಬಡಿದವರಿಗೆ ಕೊನೆಯ ಪಂಕ್ತಿ, ಅದೂ ಚಪ್ಪರದ ಹೊರಗೆ. ಅದನ್ನು ಕೃತಜ್ಞತೆ ಎಂದು ಕರೆಯಲು ಬರುವುದಿಲ್ಲ.

ಮೂರು ದಿನ ಕೊಟ್ಟಿಗೆಯಲ್ಲಿ ಕೂತು ತರಕಾರಿ ಹೆಚ್ಚಿದ ಪಕ್ಕದ ಮನೆಯ ಹೆಂಗಸರು, ನೆಂಟರಿಗೆ ತಮ್ಮ ಮನೆಯ ಕೋಣೆ ಬಿಟ್ಟುಕೊಟ್ಟವರು, ಬಸ್‌ ಸ್ಟ್ಯಾಂಡಿನಿಂದ ಬೈಕಿನಲ್ಲಿ ಜನರನ್ನು ಕರೆತಂದ ಹುಡುಗರು, ಎಂಜಲೆಲೆ ತೆಗೆದವರು, ಇವರ ಹೆಸರು ಎಲ್ಲೂ ಬರೆದಿಲ್ಲ. ಕೆಲಸಕ್ಕೆ ಕೆಲಸದಿಂದಲೇ ಮುಯ್ಯಿ ತೀರುತ್ತದೆ ಎಂಬ ನಂಬಿಕೆ ಇತ್ತು. ಊರಲ್ಲೇ ಇರುವವರಿಗೆ ಅದು ಸರಿ. ಮದುವೆ ಮಾಡಿಕೊಂಡು ಬೆಂಗಳೂರಿಗೆ ಹೋಗಿಬಿಡುವ ಮಕ್ಕಳು ಆ ಮುಯ್ಯಿಯನ್ನು ಯಾವಾಗ ತೀರಿಸುತ್ತಾರೆ?

ಥ್ಯಾಂಕ್ ಯೂ ಕಾರ್ಡಿಗೆ ನಮ್ಮ ಊರಲ್ಲಿ ಕೆಲಸವಿದೆ ಎನಿಸುವುದು ಇಲ್ಲೇ. ಮುಯ್ಯಿ ಹಾಕಿದವರ ಲೆಕ್ಕ ಪುಸ್ತಕ ನೋಡಿಕೊಳ್ಳುತ್ತದೆ. ಪುಸ್ತಕಕ್ಕೆ ಬರದವರನ್ನು ಕಾರ್ಡು ನೆನೆಯಬಹುದು.

ಮಾಡಿಸುವುದಾದರೆ ಹೀಗೆ ಮಾಡಿಸಿ

ಪತ್ರಿಕೆ ಅಚ್ಚಿಗೆ ಕೊಡುವಾಗಲೇ ಇದನ್ನೂ ಕೊಡಿ. ಮೊಳೆಯ ಕಾಲದ ತೊಂದರೆ ಈಗಿಲ್ಲ. ವಿನ್ಯಾಸ ಕಂಪ್ಯೂಟರಿನಲ್ಲಿ ಇರುತ್ತದೆ, ಆದರೂ ಎರಡನ್ನೂ ಒಟ್ಟಿಗೆ ಅಚ್ಚು ಹಾಕಿಸಿದರೆ ಬಣ್ಣ ಒಂದೇ ಬರುತ್ತದೆ, ಖರ್ಚೂ ಇಳಿಯುತ್ತದೆ. ದೊಡ್ಡ ಹಾಳೆಯ ಉಳಿದ ಜಾಗದಲ್ಲಿ ಈ ಚಿಕ್ಕ ಕಾರ್ಡು ಕೂರುತ್ತದೆಯೇ ಎಂದು ಪ್ರೆಸ್ಸಿನವರನ್ನು ಕೇಳಿ.

ಹೊಂದಿಕೆಗೆ ಪತ್ರಿಕೆಯ ಒಂದೇ ಒಂದು ಅಂಶ ಸಾಕು. ಅಂಚಿನ ಬಳ್ಳಿಯೋ, ಹೆಸರು ಬರೆದ ಅಕ್ಷರದ ಶೈಲಿಯೋ, ಮುಖ್ಯ ಬಣ್ಣವೋ. ದೇವರ ಚಿತ್ರ ಬೇಡ. ಪತ್ರಿಕೆಯನ್ನೇ ಎಸೆಯಲಾಗದೆ ಜನ ಒದ್ದಾಡುತ್ತಾರೆ, ಇನ್ನೊಂದು ಸೇರಿಸಬೇಡಿ. ಅಳತೆ ಪೋಸ್ಟ್ ಕಾರ್ಡಿನಷ್ಟಿರಲಿ. ಹೊಳೆಯುವ ಲ್ಯಾಮಿನೇಷನ್ ಕಾಗದದ ಮೇಲೆ ಪೆನ್ನು ಹತ್ತುವುದಿಲ್ಲ, ಸಾದಾ ಗಟ್ಟಿ ಕಾಗದ ತೆಗೆದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾಗಿ ಅರ್ಧ ಕಾರ್ಡು ಖಾಲಿ ಬಿಡಿ. ಅಚ್ಚಾದ 'ಧನ್ಯವಾದಗಳು' ಎಲ್ಲರಿಗೂ ಒಂದೇ. ಖಾಲಿ ಜಾಗದಲ್ಲಿ ಅವರ ಹೆಸರು, ಅವರು ಮಾಡಿದ ಕೆಲಸ, ಎರಡು ಸಾಲು ಕೈಯಲ್ಲಿ ಬರೆಯಿರಿ. 'ಗಂಗಮ್ಮತ್ತೆ, ಮಳೆ ಬಂದ ರಾತ್ರಿ ನೀವು ಒಲೆ ಆರದಂತೆ ನೋಡಿಕೊಳ್ಳದಿದ್ದರೆ ಬೆಳಗಿನ ತಿಂಡಿಯೇ ಆಗುತ್ತಿರಲಿಲ್ಲ' ಎಂದು ಬರೆದರೆ ಅದು ಆ ಒಬ್ಬರಿಗೇ ಸಲ್ಲುತ್ತದೆ. ಗಂಡು ಹೆಣ್ಣು ಇಬ್ಬರೂ ಕೂತು ಹಂಚಿಕೊಂಡು ಬರೆಯಿರಿ. ಓದು ಬಾರದವರಿಗೆ ಅಂಚೆಯಲ್ಲಿ ಕಳಿಸಬೇಡಿ, ಮನೆಗೆ ಹೋಗಿ ಓದಿ ಹೇಳಿ ಕೈಗೆ ಕೊಡಿ.

ನೂರು ಕಾರ್ಡು ಬೇಕಿಲ್ಲ. ಮದುವೆಯ ಮರುದಿನ ಮುಯ್ಯಿ ಪುಸ್ತಕ ಮುಂದಿಟ್ಟುಕೊಂಡು, ಇದರಲ್ಲಿ ಇಲ್ಲದ ಯಾರಿಂದ ನಮ್ಮ ಮದುವೆ ನಡೆಯಿತು ಎಂದು ಮನೆಯವರೆಲ್ಲ ಕೂತು ಒಂದು ಪಟ್ಟಿ ಮಾಡಿ. ಇಪ್ಪತ್ತೋ ಮೂವತ್ತೋ ಹೆಸರು ಬರುತ್ತವೆ. ಆ ಪಟ್ಟಿಯನ್ನು ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಿಡಿ. ಮುಂದೆ ಅವರ ಮನೆಯಲ್ಲಿ ಚಪ್ಪರ ಏಳುವ ದಿನ ಅದನ್ನು ತೆಗೆದು ನೋಡಿ, ಹಿಂದಿನ ದಿನವೇ ಹೋಗಿ ಈಳಿಗೆಮಣೆ ಎಳೆದುಕೊಂಡು ಕೂತುಬಿಡಿ.